ಒಂದು ಬಾಟಲಿ ನೀರಿನಿಂದ ಏನೂ ಗೊತ್ತಾಗುವುದಿಲ್ಲ

ಮಾನ್ಯರೇ,

ಬಾವಿ ನೀರಿನಲ್ಲಿ ಪೆಟ್ರೋಲ್ ವಾಸನೆ ಬರುತ್ತಿದೆ ಅಂತ ದೂರು ಹೋದಾಗ ಎಷ್ಟೋ ಕಡೆ ನಡೆಯುವುದು ಇಷ್ಟೇ: ಯಾರೋ ಬರುತ್ತಾರೆ, ನಲ್ಲಿ ತಿರುಗಿಸಿ ಒಂದು ಪ್ಲಾಸ್ಟಿಕ್ ಬಾಟಲಿಗೆ ನೀರು ಹಿಡಿದುಕೊಂಡು ಹೋಗುತ್ತಾರೆ, ಕೆಲವು ದಿನ ಬಿಟ್ಟು 'ದೋಷ ಕಂಡುಬಂದಿಲ್ಲ' ಅಂತ ರಿಪೋರ್ಟ್ ಬರುತ್ತದೆ. ಪತ್ರಿಕೆಯವರೂ ಅದನ್ನೇ ಅಚ್ಚು ಹಾಕಿ ಸುದ್ದಿ ಮುಗಿಸುತ್ತೀರಿ. ದಯವಿಟ್ಟು ಅಷ್ಟಕ್ಕೇ ಬಿಡಬೇಡಿ.

ಮೊದಲು ಆ ಬಾಟಲಿಯ ವಿಷಯ. ಪೆಟ್ರೋಲ್‌ನಲ್ಲಿ ಜಾಸ್ತಿ ಹೆದರಬೇಕಾದದ್ದು ಬೆಂಜೀನ್ ಎಂಬ ರಾಸಾಯನಿಕಕ್ಕೆ. ಅದು ಕ್ಯಾನ್ಸರ್ ತರುತ್ತದೆ ಎಂಬುದು ಖಚಿತ. ಆದರೆ ಅದು ಬಹಳ ಬೇಗ ಆವಿಯಾಗುತ್ತದೆ. ನೀರು ಬಾಟಲಿಗೆ ಬೀಳುವಾಗಲೇ ಒಂದಿಷ್ಟು ಹೋಗಿಬಿಡುತ್ತದೆ, ಬಾಟಲಿಯಲ್ಲಿ ಗಾಳಿ ಉಳಿದರೆ ಅದರೊಳಕ್ಕೆ ಇನ್ನೊಂದಿಷ್ಟು. ಅದಕ್ಕೇ ಕೆಲಸ ಬಲ್ಲವರು 40 ಮಿಲಿಲೀಟರಿನ ಸಣ್ಣ ಗಾಜಿನ ಸೀಸೆಯಲ್ಲಿ, ಒಂದು ಗುಳ್ಳೆಯೂ ಉಳಿಯದ ಹಾಗೆ ನೀರು ತುಂಬಿ, ಒಳಗಿನ ಸೂಕ್ಷ್ಮಜೀವಿಗಳು ಬೆಂಜೀನನ್ನು ತಿಂದು ಮುಗಿಸದಿರಲಿ ಅಂತ ಸ್ವಲ್ಪ ಆಸಿಡ್ ಹಾಕಿ, ಐಸ್‌ನಲ್ಲಿಟ್ಟು ಲ್ಯಾಬ್‌ಗೆ ಕಳಿಸುತ್ತಾರೆ. 14 ದಿನದೊಳಗೆ ಪರೀಕ್ಷೆ ಆಗಬೇಕು. ಮಣ್ಣಿನದೂ ಇದೇ ಕತೆ. ನಾಲ್ಕು ಕಡೆ ಅಗೆದ ಮಣ್ಣನ್ನು ಒಟ್ಟಿಗೆ ಕಲಸಿ ಕೊಟ್ಟರೆ, ಹುಡುಕಬೇಕಾದದ್ದೇ ಗಾಳಿಪಾಲು.

ವಾಸನೆ ಇಲ್ಲ, ಹಾಗಾಗಿ ನೀರು ಚೆನ್ನಾಗಿದೆ ಅನ್ನುವವರಿಗೂ ಒಂದು ಮಾತು. ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬರೀ ಬೆಂಜೀನ್ ಆದರೆ ಮೂಗಿಗೆ ಗೊತ್ತಾಗುವುದು ಅದರ ಸುಮಾರು ಸಾವಿರ ಪಟ್ಟು ಇದ್ದಾಗ!

ಇನ್ನು ಎಲ್ಲಿ ಹುಡುಕಬೇಕು ಎಂಬುದು. ಪೆಟ್ರೋಲ್ ನೀರಿಗಿಂತ ಹಗುರ. ಬಂಕಿನ ಟ್ಯಾಂಕ್‌ನಿಂದಲೋ ಪೈಪಿನ ಜಾಯಿಂಟ್‌ನಿಂದಲೋ ಸೋರಿದ್ದು ಮಣ್ಣಿನಲ್ಲಿ ಇಳಿದು ಅಂತರ್ಜಲದ ಮೇಲೆ ತೇಲುತ್ತಾ ಹರಡುತ್ತದೆ. ಮಳೆಗೆ ನೀರು ಮೇಲೇರಿ ಬೇಸಿಗೆಗೆ ಇಳಿದ ಹಾಗೆಲ್ಲ ಅದೂ ಏರಿಳಿದು ನಡುವಿನ ಮಣ್ಣಿಗೆಲ್ಲ ಅಂಟಿಕೊಳ್ಳುತ್ತದೆ. ಹಾಗಾಗಿ ತುಂಬಾ ಆಳದಿಂದ ನೀರೆತ್ತುವ ಬೋರ್‌ವೆಲ್ ಸ್ಯಾಂಪಲ್ ಚೆನ್ನಾಗಿದ್ದರೆ ಮೇಲಿನ ಪದರ ಚೆನ್ನಾಗಿದೆ ಎಂದಲ್ಲ. ಪರೀಕ್ಷೆಗೆಂದೇ ಬಾವಿ ಕೊರೆಯಬೇಕು, ಅದರ ತೂತಿನ ಪೈಪು ನೀರಿನ ಮಟ್ಟದ ಮೇಲೂ ಕೆಳಗೂ ಚಾಚಿರಬೇಕು. ನೀರು ಯಾವ ಕಡೆ ಹರಿಯುತ್ತಿದೆ ಅಂತ ತಿಳಿಯಲು ಇಂಥ ಮೂರು ಬಾವಿಯಾದರೂ ಬೇಕು, ಅವು ಒಂದೇ ಸಾಲಿನಲ್ಲಿ ಇರಬಾರದು. ಕೆಳಗೆ ಬಂಡೆ ಇದ್ದರೆ ಮೂರೂ ಸಾಲದು. ಬಂಡೆಯ ಬಿರುಕು ಹೋದ ಕಡೆ ಪೆಟ್ರೋಲ್ ಹೋಗುತ್ತದೆ, ನಮ್ಮ ಲೆಕ್ಕ ಕೇಳುವುದಿಲ್ಲ. (ಇನ್ನೊಂದು ಕಡೆಯ ಅತಿರೇಕವೂ ಉಂಟು: ಪರೀಕ್ಷೆಯ ಬಾವಿಯಲ್ಲಿ ಒಂದು ಅಡಿ ಪೆಟ್ರೋಲ್ ನಿಂತಿದ್ದರೆ ನೆಲದಡಿ ಎಲ್ಲೆಲ್ಲೂ ಒಂದಡಿ ಇದೆ ಅಂತ ಬರೆಯುತ್ತಾರೆ. ಮಣ್ಣಿನಲ್ಲಿ ಇರುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ.)

ಪೆಟ್ರೋಲ್‌ಗೆ ಎಥನಾಲ್ ಬೆರೆಸುವ ಕಡೆಗಳಲ್ಲಿ ಇನ್ನೊಂದು ತೊಡಕು. ಮಣ್ಣಿನ ಬ್ಯಾಕ್ಟೀರಿಯಾ ಬೆಂಜೀನನ್ನು ತಿನ್ನುತ್ತವೆ ನಿಜ, ಆದರೆ ಎಥನಾಲ್ ಸಿಕ್ಕರೆ ಮೊದಲು ಅದಕ್ಕೇ ಬಾಯಿ ಹಾಕುತ್ತವೆ. ಅಷ್ಟರಲ್ಲಿ ನೀರಿನಲ್ಲಿದ್ದ ಆಮ್ಲಜನಕ ಖಾಲಿಯಾಗಿ, ಬೆಂಜೀನ್ ಇನ್ನಷ್ಟು ದೂರ ಹೋಗಬಹುದು. ಹಾಗಾಗಿ 'ನಿಸರ್ಗವೇ ಸರಿಮಾಡಿಕೊಳ್ಳುತ್ತೆ ಬಿಡಿ' ಅಂತ ಸುಮ್ನೆ ಹೇಳಿದರೆ ಒಪ್ಪಬಾರದು, ಅಲ್ವಾ? ಬೆಂಜೀನ್ ಕಡಿಮೆಯಾಗುತ್ತಾ ಬಂದಿದೆ ಅಂತ ಮಳೆಗಾಲ, ಬೇಸಿಗೆ ಎರಡರಲ್ಲೂ ಅಳೆದು ತೋರಿಸಲಿ.

ಮತ್ತೆ ರಿಪೋರ್ಟಿನಲ್ಲಿ ಗಡಸುತನ, ಪಿಎಚ್, ಉಪ್ಪಿನಂಶ ಅಂತ ಅಂಕಿಗಳಿದ್ದರೆ ಅವುಗಳಿಂದ ಪೆಟ್ರೋಲ್ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಪೆಟ್ರೋಲ್‌ನಲ್ಲಿರುವ ಬೆಂಜೀನ್, ಟೊಲುಯೀನ್, ಎಥಿಲ್‌ಬೆಂಜೀನ್, ಜೈಲೀನ್ ಈ ನಾಲ್ಕನ್ನು ಬಿಡಿಬಿಡಿಯಾಗಿ ನೋಡಿದ್ದಾರೆಯೇ ಅಂತ ಮೊದಲು ಕೇಳಬೇಕು. ನಿಮ್ಮ ವರದಿಗಾರರು ಮುಂದಿನ ಸಲ ಲ್ಯಾಬ್ ರಿಪೋರ್ಟನ್ನೇ ತರಿಸಿಕೊಳ್ಳಲಿ. 'ಪತ್ತೆಯಾಗಿಲ್ಲ' ಎಂದಿದ್ದರೆ, ಕನಿಷ್ಠ ಎಷ್ಟಿದ್ದರೆ ಅವರ ಯಂತ್ರಕ್ಕೆ ಸಿಗುತ್ತದೆ ಎಂಬ ಅಂಕಿ ಪಕ್ಕದಲ್ಲಿದೆಯಾ ನೋಡಲಿ. ಆ ಅಂಕಿ 50 ಮೈಕ್ರೋಗ್ರಾಂ ಇದ್ದರೆ, ನೀರು 10ರ ಮಿತಿಯೊಳಗಿದೆ ಅಂತ ಹೇಳಲು ಆ ಲ್ಯಾಬ್‌ಗೇ ಆಗುವುದಿಲ್ಲ.

— ಒಬ್ಬ ಓದುಗ