ಕದಿರು ಬೇಕು, ಗದ್ದೆ ಬೇಡವೇ?

ಮಾನ್ಯರೇ,

ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂತೆಂದರೆ ನಮ್ಮ ಗದ್ದೆಗೆ ಎಲ್ಲಿಲ್ಲದ ಬೇಡಿಕೆ. 'ಕದಿರು ತೆಗೆಯಲು ನಿಮ್ಮಲ್ಲಿಗೇ ಬರುತ್ತೇವೆ' ಎಂದು ನೆರೆಹೊರೆಯವರು ಮುಂಚಿತವಾಗಿ ಹೇಳಿಡುತ್ತಾರೆ. ಬರಲಿ, ಸಂತೋಷವೇ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಗೊತ್ತುಮಾಡಿದ ಮುಹೂರ್ತಕ್ಕೆ ಕೋವಿ ಸಿಡಿಸಿ, 'ಪೊಲಿ ಪೊಲಿ ದೇವಾ' ಎಂದು ಕೂಗಿ ಕದಿರು ಕೊಯ್ಯಲು ಜನ ಕೂಡಿದರೇ ಚೆಂದ. ಆದರೆ ಬರುವವರಲ್ಲಿ ಹೆಚ್ಚಿನವರಿಗೆ ಸ್ವಂತ ಗದ್ದೆ ಇದೆ. ಒಬ್ಬರದು ಪಾಳು ಬಿದ್ದಿದೆ, ಇನ್ನೊಬ್ಬರದು ಶುಂಠಿಗೆ ಗುತ್ತಿಗೆ ಹೋಗಿದೆ, ಮತ್ತೊಬ್ಬರದರಲ್ಲಿ ಮಣ್ಣು ತುಂಬಿಸಿ ಹೋಂಸ್ಟೇ ಎಬ್ಬಿಸಿದ್ದಾರೆ.

ಕೊಡಗೆಂದರೆ ಕಾಫಿ ಎಂದು ಪ್ರವಾಸಿಗರು ತಿಳಿಯಲಿ. ನಾವೂ ಹಾಗೆಯೇ ತಿಳಿದರೆ ಹೇಗೆ? ಅರಸರ ಕಾಲದಿಂದ ಬಂದ, ಭೂಮಿಯನ್ನು ವಂಶಪಾರಂಪರ್ಯವಾಗಿ ಅನುಭವಿಸುವ ಜಮ್ಮಾ ಪದ್ಧತಿಯಲ್ಲಿ ಕಂದಾಯ ಕಟ್ಟುತ್ತಿದ್ದುದು ಗದ್ದೆಗೆ. ಬಾಣೆ ಎಂಬುದು ಆ ಗದ್ದೆಯ ಸೊಪ್ಪಿಗೆ, ಮನೆಯ ಸೌದೆಗೆ, ದನಗಳ ಮೇವಿಗೆಂದು ಜೊತೆಯಲ್ಲಿ ಬಿಟ್ಟುಕೊಟ್ಟ ಜಾಗ. 1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಕಾಫಿ ಬೆಟ್ಟಬೆಟ್ಟಕ್ಕೂ ಹಬ್ಬಿತು. ಇವತ್ತು ಕಾಫಿ, ಕರಿಮೆಣಸು ಬೆಳೆದು ನಾವು ಬೀಗುವುದು ಅದೇ ಬಾಣೆಯಲ್ಲಿ. ಗದ್ದೆಯ ದೆಸೆಯಿಂದ ಸಿಕ್ಕಿದ್ದು ಉಳಿದುಕೊಂಡಿತು, ಗದ್ದೆ ಕೈಬಿಡುತ್ತಿದೆ.

ಬೇಸಾಯ ಬಿಟ್ಟವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಇಂಟಾನ್ ಭತ್ತ ಕೊಯ್ಲಿಗೆ ಬರುವ ಹೊತ್ತಿಗೇ ಕಾಫಿಯೂ ಹಣ್ಣಾಗಿ ಆಳುಗಳೆಲ್ಲ ತೋಟದ ಪಾಲಾಗುತ್ತಾರೆ. ಕೆಸರಿನ ಸಣ್ಣ ಮಡಿಗಳಿಗೆ ಯಂತ್ರ ಇಳಿಸುವುದೇ ಒಂದು ಸಾಹಸ. ಇಷ್ಟಾಗಿಯೂ ಉಳಿದ ಪೈರನ್ನು ಕಾಡಾನೆ ಒಂದೇ ರಾತ್ರಿಯಲ್ಲಿ ಮುಗಿಸಬಹುದು. ಎಲ್ಲ ಲೆಕ್ಕ ಹಾಕಿದರೆ ಅಂಗಡಿಯ ಅಕ್ಕಿಯೇ ಅಗ್ಗ.

ಆದರೆ ಮಳೆಗಾಲವಿಡೀ ನೀರು ನಿಲ್ಲಿಸಿಕೊಂಡು ನೆಲಕ್ಕೆ ಇಂಗಿಸುವ ಕೆಲಸವನ್ನು ಈ ಗದ್ದೆಗಳು ಬಿಟ್ಟಿಯಾಗಿ ಮಾಡುತ್ತಿವೆ. ಕೆಳಗೆ ಕಾವೇರಿಗಾಗಿ ಹೊಡೆದಾಡುವವರು ಇತ್ತ ಒಮ್ಮೆಯೂ ತಿರುಗಿ ನೋಡಿಲ್ಲ. ಪಕ್ಕದ ಕೇರಳದಲ್ಲಿ ಗದ್ದೆ ಮುಚ್ಚದಂತೆ 2008ರಲ್ಲೇ ಕಾಯ್ದೆ ಬಂತು. 2020ರಿಂದ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ಇಷ್ಟೆಂದು ರಾಯಧನ ಕೊಡುವುದನ್ನೂ ಅಲ್ಲಿನ ಸರ್ಕಾರ ಆರಂಭಿಸಿತು. ನಮ್ಮ ಸರ್ಕಾರ ಕೊಡಗಿಗೆ ಅಂಥದ್ದೊಂದು ಯೋಜನೆ ತರಲು ಅಡ್ಡಿಯೇನು? ಕೆಸರುಗದ್ದೆ ಕ್ರೀಡಾಕೂಟಕ್ಕೆ, ನಾಟಿ ಓಟಕ್ಕೆ ಪ್ರಾಯೋಜಕರನ್ನು ಹುಡುಕುವವರು, ಆ ಗದ್ದೆಯಲ್ಲಿ ನಾಟಿ ಮಾಡುವವರಿಗೂ ಒಂದಿಷ್ಟು ಹುಡುಕಿಕೊಡಲಿ.

— ಭತ್ತ ಬೆಳೆಗಾರ್ತಿ, ಪೊನ್ನಂಪೇಟೆ ತಾಲ್ಲೂಕು