ಲಾಂಗ್ ಜಂಪ್ ಮಗಳಿಗೆ, ಕಲಬುರಗಿಯಿಂದ

ಕೂಸೇ,

ಫೋನಿನಲ್ಲಿ ಹೇಳಹೋದರೆ "ಹೂಂ ಅವ್ವಾ, ಆಯ್ತು ಅವ್ವಾ" ಅಂತ ಮುಗಿಸಿಬಿಡುತ್ತೀ. ಅದಕ್ಕೇ ಬರೆಯುತ್ತಿದ್ದೇನೆ. ರಾತ್ರಿ ಊಟ ಬಿಟ್ಟಿದ್ದೀಯಂತೆ. ತೂಕ ಇಳಿದಿದೆ ಅಂತ ತಮ್ಮನಿಗೆ ಖುಷಿಯಿಂದ ಮೆಸೇಜ್ ಬೇರೆ. ಹಗುರ ಇದ್ದರೆ ದೂರ ಹಾರಬಹುದು ಅಂತ ಹಾಸ್ಟೆಲ್‌ನಲ್ಲಿ ಯಾರೋ ಸೀನಿಯರ್ ಹೇಳಿದಳಂತೆ.

ಆ ಮಾತು ನಿಜವಾಗಿರುವ ಆಟ ಒಂದಿದೆ, ಸ್ಕೀ ಜಂಪಿಂಗ್. ನಮ್ಮ ಊರಲ್ಲಿ ಹಿಮ ಕಾಣಬೇಕೆಂದರೆ ಫ್ರಿಜ್ಜಿನ ಬಾಗಿಲು ತೆಗೆಯಬೇಕು. ಆದರೂ ನನ್ನಂಥ ಪಿಇ ಟೀಚರ್‌ಗೆ ಎಲ್ಲ ಆಟದ ಹುಚ್ಚು ಇರುತ್ತೆ, ನಿನಗೆ ಗೊತ್ತಲ್ಲ. ಗುಡ್ಡದ ಮೇಲೆ ಒಂದು ಅಡ್ಡಪಟ್ಟಿ. ಅದರ ಮೇಲೆ ಕೂತು ಕಾಯುತ್ತಾರೆ. ಕೋಚ್ ಕೆಳಗಿಂದ ಬಾವುಟ ಬೀಸಿದ ಮೇಲೆ ಜಾರು. ಕೈಯಲ್ಲಿ ಕೋಲಿಲ್ಲ. ದೊಡ್ಡ ಗುಡ್ಡದಲ್ಲಿ ಅಂಚು ಮುಟ್ಟುವಾಗ ವೇಗ ಗಂಟೆಗೆ 90 ಕಿ.ಮೀ. ಆಸುಪಾಸು. ಅಲ್ಲಿಂದ ಚಿಮ್ಮಿ, ಕಾಲಿಗೆ ಕಟ್ಟಿದ ಉದ್ದ ಪಟ್ಟಿಗಳನ್ನು, ಅಂದರೆ ಸ್ಕೀಗಳನ್ನು, ವಿ ಆಕಾರದಲ್ಲಿ ಅಗಲಿಸಿ, ಅವುಗಳ ಮೇಲೆ ಮೈ ಚಾಚಿ ತೇಲುತ್ತಾರೆ. ಇಳಿಯುವಾಗ ಒಂದು ಕಾಲು ಮುಂದೆ, ಒಂದು ಹಿಂದೆ. ಹಾಗೆ ಇಳಿಯದಿದ್ದರೆ ಅಂಕ ಹೋಯಿತು. ಬೇಸಿಗೆಯಲ್ಲಿ ಗುಡ್ಡಕ್ಕೆ ಪ್ಲಾಸ್ಟಿಕ್ ಹೊದಿಸಿ, ನೀರು ಬಿಟ್ಟು ಅದರ ಮೇಲೆ ಅಭ್ಯಾಸ ಮಾಡುತ್ತಾರೆ.

ಜಪಾನಿನ ಸಾರಾ ತಕಾನಾಶಿಯನ್ನು ನೋಡು. ಹೊಕ್ಕೈಡೊದ ಕಾಮಿಕಾವಾ ಅನ್ನುವ ಸಣ್ಣ ಊರಿನವಳು. ಅಪ್ಪನೂ ಹಿಂದೆ ಜಂಪರ್ ಆಗಿದ್ದವರು. ಗಂಡಸರ ಸ್ಕೀ ಜಂಪಿಂಗ್ 1924ರಿಂದಲೂ ಒಲಿಂಪಿಕ್ಸ್‌ನಲ್ಲಿದೆ. ಹೆಂಗಸರಿಗೆ ಬಾಗಿಲು ತೆಗೆದದ್ದು 2014ರಲ್ಲಿ. (ಅದನ್ನು ಶುರು ಮಾಡಿದರೆ ನನ್ನ ಸಿಟ್ಟಿಗೇ ಒಂದು ಪುಟ ಬೇಕು, ಬಿಡು.) ಹೆಂಗಸರ ಮೊದಲ ವರ್ಲ್ಡ್ ಕಪ್ ಸೀಸನ್ 2011-12. ಅಲ್ಲಿ ವರ್ಲ್ಡ್ ಕಪ್ ಅಂದರೆ ಸೀಸನ್ ಪೂರ್ತಿ ನಡೆಯುವ ಸ್ಪರ್ಧೆಗಳ ಸರಣಿ. ಆ ಸೀಸನ್‌ನಲ್ಲೇ, 2012ರ ಮಾರ್ಚ್‌ನಲ್ಲಿ, ಜಪಾನಿನ ಝಾವೊದಲ್ಲಿ ಸಾರಾ ಮೊದಲ ಸಲ ಗೆದ್ದಳು. ಆಗ ಅವಳಿಗೆ 15, ನಿನ್ನದೇ ವಯಸ್ಸು. ಮುಂದಿನ ಸೀಸನ್‌ನಲ್ಲಿ ಇಡೀ ವರ್ಲ್ಡ್ ಕಪ್ಪೇ ಅವಳದು.

ಹಾಗಾಗಿ 2014ರಲ್ಲಿ ಸೋಚಿ ಒಲಿಂಪಿಕ್ಸ್‌ಗೆ ಹೋದಾಗ ಚಿನ್ನ ಅವಳದೇ ಅಂತ ಎಲ್ಲರೂ ಮೊದಲೇ ಬರೆದಿಟ್ಟಿದ್ದರು. ನಾಲ್ಕನೆಯವಳಾದಳು. ಚಿನ್ನ ಜರ್ಮನಿಯ ಕರಿನಾ ಫೋಗ್ಟ್‌ಗೆ. ಸಾರಾ ಹಾರುವಾಗ ಗಾಳಿ ಹಿಂದಿನಿಂದ ಬೀಸುತ್ತಿತ್ತು. ನಿನ್ನ ಆಟದಲ್ಲಿ ಹಿಂದಿನ ಗಾಳಿ ವರ, ಸೆಕೆಂಡಿಗೆ 2 ಮೀಟರ್ ದಾಟಿದರೆ ದಾಖಲೆಗೇ ಲೆಕ್ಕವಿಲ್ಲ. ಅಲ್ಲಿ ಉಲ್ಟಾ, ಎದುರಿನ ಗಾಳಿ ಬೇಕು. ಅದೇ ಎತ್ತಿ ಹಿಡಿಯುವುದು. ಗಾಳಿಗೆ ತಕ್ಕಂತೆ ಅಂಕ ಕೂಡಿಸಿ ಕಳೆಯುತ್ತಾರೆ, ಆದರೂ ಅವತ್ತು ಸಾಲಲಿಲ್ಲ. 2018ರಲ್ಲಿ ಕಂಚು ಬಂತು. ವರ್ಲ್ಡ್ ಕಪ್ ಗೆಲುವುಗಳು 60 ದಾಟಿದವು. ನಿನ್ನ ರಾಜ್ಯ ಮಟ್ಟದ ಮೆಡಲ್ ನೋಡಿ ಓಣಿಯವರು "ಮುಂದೆ ಒಲಿಂಪಿಕ್ಸಾ?" ಅಂತ ಕೇಳುತ್ತಾರಲ್ಲ, ಅವರಿಗೆ ನಾನು ಉತ್ತರ ಕೊಡುತ್ತೇನೆ. ನೀನು ಅದನ್ನು ತಲೆಗೆ ಹಾಕಿಕೊಂಡು ತಟ್ಟೆ ಪಕ್ಕಕ್ಕೆ ಸರಿಸಬೇಡ.

ಈಗ ತೂಕದ ಮಾತು. ಆ ಆಟದಲ್ಲಿ ಹಗುರ ಆಗುವ ಆಸೆಗೆ ಬಿದ್ದು ಹುಡುಗರು ಉಪವಾಸ ಕೂರತೊಡಗಿದರು. ಕೊನೆಗೆ 2004ರಲ್ಲಿ ನಿಯಮವೇ ಬಂತು. ಸ್ಕೀ ಉದ್ದ ಈಗ ಹಾರುವವರ ಎತ್ತರದ ಶೇ. 145ರವರೆಗೆ ಇರಬಹುದು, ಆದರೆ ಎತ್ತರಕ್ಕೆ ತಕ್ಕ ತೂಕ ಇಲ್ಲದಿದ್ದರೆ ಗಿಡ್ಡ ಸ್ಕೀ ಹಾಕಿಕೊಳ್ಳಬೇಕು. ಸ್ಕೀ ಗಿಡ್ಡವಾದರೆ ಗಾಳಿ ಎತ್ತುವುದೂ ಕಡಿಮೆ. ಉಪವಾಸದ ಲಾಭ ಅಲ್ಲಿಗೇ ಕಟ್. ಇಷ್ಟಾದರೂ ಒತ್ತಡ ಪೂರ್ತಿ ಹೋಗಿಲ್ಲ. ನಾರ್ವೆಯ ಮಾರೆನ್ ಲುಂಡ್ಬಿ 2018ರ ಒಲಿಂಪಿಕ್ ಚಾಂಪಿಯನ್. 2021ರಲ್ಲಿ ತನ್ನ ಮೈ ಬದಲಾಗಿದೆ, ತೂಕ ಇಳಿಸಲು ಏನೇನೋ ಮಾಡಲ್ಲ ಅಂತ ಟಿವಿಯಲ್ಲೇ ಹೇಳಿ, 2022ರ ಬೀಜಿಂಗ್ ಒಲಿಂಪಿಕ್ಸ್ ಬಿಟ್ಟಳು. ನಾನು ಅವಳ ಚಿನ್ನಕ್ಕಿಂತ ಇದನ್ನೇ ಜಾಸ್ತಿ ಮೆಚ್ಚುತ್ತೇನೆ.

ಇನ್ನು ನಿನ್ನದು ತೇಲುವ ಆಟವೂ ಅಲ್ಲ. ನಿನಗೆ ರೆಕ್ಕೆ ಕೊಡುವ ಸ್ಕೀ ಇಲ್ಲ. ಓಡಿ ಬಂದು ಬೋರ್ಡಿನ ಮೇಲೆ ಒಂದೇ ಕಾಲು ಊರುತ್ತೀ, ಆ ಕ್ಷಣ ಆ ಕಾಲಿನ ಮೇಲೆ ನಿನ್ನ ತೂಕದ ಹಲವು ಪಟ್ಟು ಹೊರೆ. ಅದನ್ನು ತಡೆಯುವುದು ತೊಡೆ, ಮೀನಖಂಡ, ಮೂಳೆ. ಊಟ ಬಿಟ್ಟು ಪ್ರಾಕ್ಟೀಸ್ ಮಾಡುವುದು ಹಿಟ್ಟಿಲ್ಲದೆ ರೊಟ್ಟಿ ಬಡಿಯಲು ಕೂತ ಹಾಗೆ.

ಇನ್ನೊಂದು ಕೇಳುತ್ತೇನೆ, ನಾಚಬೇಡ. ಮುಟ್ಟು ಸರಿಯಾಗಿ ಆಗುತ್ತಿದೆಯಾ? ಉಣ್ಣುವುದು ಕಡಿಮೆ, ಕಸರತ್ತು ಜಾಸ್ತಿ ಆದರೆ ಮೊದಲು ನಿಲ್ಲುವುದೇ ಅದು. ಆಮೇಲೆ ಮೂಳೆ ಸಡಿಲಾಗುತ್ತದೆ, ಸಣ್ಣ ಬಿರುಕು ಬಿಡುತ್ತದೆ. 2014ರಲ್ಲಿ ಒಲಿಂಪಿಕ್ ಸಮಿತಿಯ ತಜ್ಞರು, ಕಸರತ್ತಿಗೆ ತಕ್ಕಷ್ಟು ಉಣ್ಣದೆ ಮೈ ಸೊರಗುವ ಈ ಸ್ಥಿತಿಗೆ ರೆಡ್-ಎಸ್ ಅಂತ ಹೆಸರಿಟ್ಟರು. ಹುಡುಗರಿಗೂ ಬರುತ್ತೆ. "ಮುಟ್ಟು ನಿಂತರೆ ಚೊಲೋ ಆಯ್ತು, ಮೀಟ್‌ಗೆ ತೊಂದರೆ ಇಲ್ಲ" ಅಂತ ಯಾರಾದರೂ ಅಂದರೆ ಆ ಮಾತು ಕೇಳಲೇಬೇಡ.

ಪಕ್ಕದ ಮನೆ ಕಾಕಾ ಭಾನುವಾರ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಬೆಂಗಳೂರಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಸಣ್ಣ ಡಬ್ಬಿ ತುಪ್ಪ ಕಳಿಸುತ್ತೇನೆ. ರೂಮಿನವರಿಗೂ ಕೊಡು, ಆ ಸೀನಿಯರ್‌ಗೂ. ಮುಟ್ಟಿನ ವಿಷಯಕ್ಕೆ ಡಾಕ್ಟರ್‌ಗೆ ತೋರಿಸಬೇಕಾದರೆ ದಿನ ಹೇಳು, ರಜೆ ಹಾಕಿ ಬರುತ್ತೇನೆ. ನಿಮ್ಮ ಕೋಚ್ ಸರ್‌ಗೆ ನೀನೇ ಹೇಳುತ್ತೀಯೋ, ನಾನು ಫೋನ್ ಮಾಡಲೋ?

ನಿನ್ನ ಅವ್ವ