ಲಿನಕ್ಸ್ ಪುಕ್ಕಟೆ, ಬಿಲ್ ಮಾತ್ರ ಹಳೇದೇ? ಕೇಳಿದವರಿಗೆಲ್ಲ ನಮ್ಮ ಉತ್ತರ

ಪ್ರೀತಿಯ ಗ್ರಾಹಕರಿಗೆ ನಿಮ್ಮ ವೆಬ್‌ಸೈಟ್ ಇಟ್ಟುಕೊಂಡು ನಡೆಸುವ ಹುಬ್ಬಳ್ಳಿಯ ಅಂಗಡಿಯಿಂದ ನಮಸ್ಕಾರ.

ನಿಮ್ಮ ವೆಬ್‌ಸೈಟ್‌ಗಳನ್ನು ವಿಂಡೋಸ್ ಸರ್ವರ್‌ನಿಂದ (ಸೈಟ್ ಇಟ್ಟು ನಡೆಸುವ ಮಷಿನ್) ಲಿನಕ್ಸ್‌ಗೆ, ಅಂದರೆ ವಿಂಡೋಸ್ ಬದಲು ಮಷಿನ್ ನಡೆಸುವ ಇನ್ನೊಂದು ಸಾಫ್ಟ್‌ವೇರ್‌ಗೆ ಸಾಗಿಸಿದ ವಾರ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳ ಸೈಟ್‌ನಲ್ಲಿ ಒಂದು ಫೋಟೋನೂ ಕಾಣಲಿಲ್ಲ. ತಪ್ಪು ನಮ್ಮದೇ. ಫೈಲ್ ಹೆಸರು ದೊಡ್ಡಕ್ಷರದಲ್ಲಿರಲಿ, ಸಣ್ಣಕ್ಷರದಲ್ಲಿರಲಿ, ವಿಂಡೋಸ್‌ಗೆ ಎರಡೂ ಒಂದೇ. ಲಿನಕ್ಸ್‌ಗೆ ಅವು ಬೇರೆ ಬೇರೆ ಫೈಲ್. ಗೊತ್ತಿದ್ದೂ ಮೊದಲೇ ನೋಡಿಕೊಳ್ಳಲಿಲ್ಲ. ಎರಡು ರಾತ್ರಿ ಕೂತು ಸರಿ ಮಾಡಿದ್ದೇವೆ. ಕ್ಷಮಿಸಿ.

ಆದರೆ ದಿನಾ ಕೇಳುವ ಮಾತು ಬೇರೆ: "ಪುಕ್ಕಟೆ ಮಾಲು ಹಾಕಿ ಹಳೇ ರೇಟೇ ತಗೋತೀರಲ್ರೀ?"

ಲಿನಕ್ಸ್‌ಗೆ ಲೈಸೆನ್ಸ್ ದುಡ್ಡು ಇಲ್ಲ, ನಿಜ. ನಮ್ಮಲ್ಲಿದ್ದ ವಿಂಡೋಸ್ ಸರ್ವರ್ 2016ಕ್ಕೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ 2027ರ ಜನವರಿ 12ಕ್ಕೆ ಮುಗಿಯುತ್ತದೆ. ಹೊಸದು ಕೊಳ್ಳೋಣವೆಂದರೆ ಲೈಸೆನ್ಸ್ ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಭಾಗ) ಲೆಕ್ಕದಲ್ಲಿ, ಒಂದು ಮಷಿನ್‌ಗೆ ಕನಿಷ್ಠ 16. ನಮ್ಮ ಮಷಿನ್‌ನಲ್ಲಿರುವುದೇ 8! ಇಲ್ಲದ ಎಂಟು ಕೋರ್‌ಗೂ ಸೇರಿಸಿ ಕಟ್ಟಿದ್ದರೆ ನಿಮ್ಮ ಬಿಲ್ ಏರುತ್ತಿತ್ತು. ಇನ್ನು ಮಷಿನ್ ಬಾಡಿಗೆ, ಬ್ಯಾಕಪ್, ಖಾತೆಗಿಷ್ಟು ಅಂತ ಕೊಡುವ ಕಂಟ್ರೋಲ್ ಪ್ಯಾನೆಲ್ (ಸೈಟ್ ನೋಡಿಕೊಳ್ಳುವ ಸಾಫ್ಟ್‌ವೇರ್) ಶುಲ್ಕ, ರಾತ್ರಿ ಎದ್ದು ನೋಡುವ ಹುಡುಗನ ಸಂಬಳ, ಇವೆಲ್ಲ ಯಾವ ಸರ್ವರ್ ಆದರೂ ಅಷ್ಟೇ. ಮೇಲೆ ಶೇ. 18 ಜಿಎಸ್‌ಟಿ. ಅದನ್ನೂ ನಾವೇ ತಿನ್ನುತ್ತೇವೆ ಅಂತ ಕೆಲವರಿಗೆ ಅನುಮಾನ.

ವೇಗದ ವಿಷಯದಲ್ಲಿ ಮಾತ್ರ ನಮ್ಮ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಹೋದ ಪತ್ರದಲ್ಲಿ "ಲಿನಕ್ಸ್ ಎರಡು ಪಟ್ಟು ಜೋರು" ಎಂದು ಬರೆದಿದ್ದೆವು. ಗದಗದ ಪ್ರಿಂಟಿಂಗ್ ಪ್ರೆಸ್ಸಿನ ಹಿರಿಯರೊಬ್ಬರು ಫೋನ್ ಮಾಡಿ, "ಎರಡಕ್ಕೂ ಮಷಿನ್ ಒಂದೇ ಇತ್ತೇನ್ರಿ?" ಎಂದರು. ಇರಲಿಲ್ಲ. ವಿಂಡೋಸ್ ಇದ್ದದ್ದು ಹಳೇ ಹಾರ್ಡ್ ಡಿಸ್ಕಿನಲ್ಲಿ, ಲಿನಕ್ಸ್ ಹೊಸ, ವೇಗದ ಎಸ್‌ಎಸ್‌ಡಿ ಡಿಸ್ಕಿನಲ್ಲಿ. ಮುದಿ ಎತ್ತಿನ ಪಕ್ಕ ಹೋರಿ ಓಡಿಸಿದ ಹಾಗೆ! 1999ರಲ್ಲಿ ಮೈಕ್ರೋಸಾಫ್ಟ್ ದುಡ್ಡು ಕೊಟ್ಟು ಮೈಂಡ್‌ಕ್ರಾಫ್ಟ್ ಎಂಬ ಪರೀಕ್ಷಾ ಕಂಪನಿ ಕಡೆಯಿಂದ ಮಾಡಿಸಿದ ಪರೀಕ್ಷೆಯಲ್ಲಿ ಆಗಿನ ವಿಂಡೋಸ್ ಎನ್‌ಟಿ ವೆಬ್ ಸರ್ವರ್ ಆಗಿ ಲಿನಕ್ಸ್‌ಗಿಂತ 3.7 ಪಟ್ಟು ಮುಂದೆ ಬಂದಿತ್ತು. ಲಿನಕ್ಸನ್ನು ಸರಿಯಾಗಿ ಹೊಂದಿಸಿರಲಿಲ್ಲ ಎಂದು ಲಿನಕ್ಸ್ ಕಡೆಯವರು ಗಲಾಟೆ ಎಬ್ಬಿಸಿದರು. ಸರಿಯಾಗಿ ಹೊಂದಿಸಿ ಮತ್ತೆ ಅಳೆದಾಗ ಅಂತರ ತಗ್ಗಿತು, ಆದರೂ ಎನ್‌ಟಿಯೇ ಮುಂದಿತ್ತು. ಆ ಕಥೆ ಗೊತ್ತಿದ್ದೂ ನಾವು ಅದೇ ಕೆಲಸ ಮಾಡಿದೆವು.

ಈಗ ಒಂದೇ ಮಷಿನ್, ಒಂದೇ ಸೈಟ್, ಒಂದೇ ಪಿಎಚ್‌ಪಿ (ಸೈಟ್ ನಡೆಸುವ ಪ್ರೋಗ್ರಾಂ ಭಾಷೆ) ಇಟ್ಟು ಅಳೆದೆವು. ನಿಮ್ಮ ಸೈಟ್‌ಗಳ ಮಟ್ಟಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಿಧಾನ ಆಗುತ್ತಿದ್ದುದು ಬಹುಮಟ್ಟಿಗೆ ಡಿಸ್ಕಿನಿಂದ, ಇಲ್ಲವೇ ಮೊಬೈಲಿನಿಂದ ನೇರ ಏರಿಸಿದ ದೊಡ್ಡ ಫೋಟೋಗಳಿಂದ.

ಮೈಕ್ರೋಸಾಫ್ಟ್ ವಿಂಡೋಸ್‌ಗೆಂದೇ ಮಾಡಿದ ಹಳೇ ಎಎಸ್‌ಪಿ ಡಾಟ್ ನೆಟ್‌ನಲ್ಲಿ ಮಾಡಿಸಿದ ಸೈಟ್‌ಗಳನ್ನು ಮುಟ್ಟಿಲ್ಲ, ಅವು ವಿಂಡೋಸ್‌ನಲ್ಲೇ ಇರುತ್ತವೆ. ಉಳಿದವರಲ್ಲಿ ಯಾರಿಗಾದರೂ ವಾಪಸ್ ಹೋಗಬೇಕೆನಿಸಿದರೆ ಸಂಕೋಚ ಬೇಡ, ಅಂಗಡಿಗೆ ಬನ್ನಿ. ಅದೇ ಪರೀಕ್ಷೆಯನ್ನು ನಿಮ್ಮ ಸೈಟ್ ಇಟ್ಟು ನಿಮ್ಮೆದುರೇ ಮಾಡುತ್ತೇವೆ. ಚಹಾ ನಮ್ಮದು.